ಏಳು ಕೆಚ್ಚಲಿನ ಹಸು: ಡಚ್ ಲೇಖಕ ಲೂಕಸ್ ರೈನೆವೆಲ್ಟ್ ಅವರನ್ನು ಓದುವ ಮುನ್ನ

ಹಸುವಿಗೆ ಇರುವುದು ಒಂದೇ ಕೆಚ್ಚಲು, ಆ ಕೆಚ್ಚಲಿಗೆ ನಾಲ್ಕು ಮೊಲೆತೊಟ್ಟು. ಹಾಲು ಕರೆದು ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ 2020ರಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಹೊತ್ತಿಗೆ, ಡಚ್ ಲೇಖಕರೊಬ್ಬರು ತಮಗೆ ಏಳು ಕೆಚ್ಚಲಿನ ಹಸುವಿನಷ್ಟು ಹೆಮ್ಮೆಯಾಗಿದೆ ಎಂದುಬಿಟ್ಟರು. ಇಂಗ್ಲಿಷ್ ಪತ್ರಿಕೆಗಳು ಆ ಮಾತನ್ನು ಖುಷಿಯಿಂದ ಎತ್ತಿಕೊಂಡವು. ಬೀಗುತ್ತಿರುವವರನ್ನು ಕಂಡರೆ ‘ಏಳು ಬಾಲದ ಕೋತಿಯ ಹಾಗೆ’ ಎನ್ನುವ ರೂಢಿ ಡಚ್ಚರಲ್ಲಿದೆ. ಹೈನುಗಾರರ ಮನೆಯಲ್ಲಿ ಬೆಳೆದವರ ಬಾಯಲ್ಲಿ ಕೋತಿ ಹೋಗಿ ಹಸು ಬಂದಿತ್ತು, ಅಷ್ಟೆ.

ಆ ಲೇಖಕರೇ ಲೂಕಸ್ ರೈನೆವೆಲ್ಟ್. ಪ್ರಶಸ್ತಿ ಬಂದಾಗ ಪುಸ್ತಕದ ಮೇಲಿದ್ದ ಹೆಸರು ಮರೀಕೆ ಲೂಕಸ್ ರೈನೆವೆಲ್ಟ್. ಆಗ ಅವರಿಗೆ 29 ವರ್ಷ. ಅಲ್ಲಿಯವರೆಗೆ ಈ ಪ್ರಶಸ್ತಿ ಪಡೆದವರಲ್ಲೆಲ್ಲ ಅವರೇ ಚಿಕ್ಕವರು, ಡಚ್ ಲೇಖಕರೊಬ್ಬರಿಗೆ ಅದು ಸಂದಿದ್ದೂ ಅದೇ ಮೊದಲು.

2025ರ ಮೇ 20ರಂದು ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಇದೇ ಪ್ರಶಸ್ತಿ ಪಡೆದ ಮೇಲೆ, ಕನ್ನಡದ ಓದುಗರು ಹಿಂದಿನ ವಿಜೇತರ ಪಟ್ಟಿ ತೆಗೆದು ನೋಡುವುದು ಹೆಚ್ಚಾಗಿದೆ. ಆ ಪಟ್ಟಿಯಲ್ಲಿ ಕೊಟ್ಟಿಗೆಯ ವಾಸನೆ ಇರುವ ಪುಸ್ತಕ ಇವರದು. ಹೆಸರು ‘ದ ಡಿಸ್ಕಂಫರ್ಟ್ ಆಫ್ ಈವ್ನಿಂಗ್’. ಡಚ್ ಮೂಲದ ಶೀರ್ಷಿಕೆಯನ್ನು ಕನ್ನಡದಲ್ಲಿ ‘ಸಂಜೆಯೆಂದರೆ ಸಂಕಟ’ ಎನ್ನಬಹುದೇನೋ. ಕೈಗೆತ್ತಿಕೊಂಡ ಹಲವರು ಐವತ್ತು ಪುಟಕ್ಕೇ ಇಟ್ಟುಬಿಡುತ್ತಾರೆ. ಸಾವು, ಸಗಣಿ, ಬೈಬಲ್ ವಾಕ್ಯ, ಮಕ್ಕಳ ವಿಚಿತ್ರ ಆಟಗಳು ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಆ ಊರು, ಅಲ್ಲಿನ ದೇವರು ಮತ್ತು ದನಗಳಿಗೆ ಬಂದ ಒಂದು ರೋಗ, ಈ ಮೂರರ ಹಿನ್ನೆಲೆ ತಿಳಿದಿದ್ದರೆ ಪುಸ್ತಕ ಅಷ್ಟು ಕಷ್ಟವಲ್ಲ.

ಯಾರಿವರು?

ನೆದರ್‌ಲ್ಯಾಂಡ್ಸ್ ಚಿಕ್ಕ ದೇಶ, ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ತುಸು ದೊಡ್ಡದು. ಆದರೆ ಹಾಲು ಮತ್ತು ಗಿಣ್ಣಿನ ವಿಷಯಕ್ಕೆ ಬಂದರೆ ಅದು ದೊಡ್ಡ ಹೆಸರು. ನಮ್ಮ ಹಾಲಿನ ಡೇರಿಗಳ ಮುಂದೆ ನಿಂತು ಯಾರನ್ನು ಕೇಳಿದರೂ ‘ಎಚ್‌ಎಫ್ ಹಸು’ ಗೊತ್ತಿರುತ್ತದೆ. ಆ ಎಚ್‌ಎಫ್‌ನಲ್ಲಿ ‘ಎಫ್’ ಅಂದರೆ ಫ್ರೀಸಿಯನ್. ಉತ್ತರ ನೆದರ್‌ಲ್ಯಾಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಿಂದ ಬಂದ ಹೆಸರು ಅದು.

ರೈನೆವೆಲ್ಟ್ ಹುಟ್ಟಿದ್ದು 1991ರ ಏಪ್ರಿಲ್ 20ರಂದು, ದೇಶದ ದಕ್ಷಿಣದ ನಾರ್ತ್ ಬ್ರಾಬಂಟ್ ಪ್ರಾಂತ್ಯದ ನ್ಯೂವೆಂಡೈಕ್ ಎಂಬ ಹಳ್ಳಿಯಲ್ಲಿ. ಹೈನುಗಾರಿಕೆ ಮಾಡುವ ಕುಟುಂಬ, ಕಟ್ಟಾ ಪ್ರಾಟೆಸ್ಟೆಂಟ್ ಮನೆತನ. ಅವರಿಗೆ ಮೂರು ವರ್ಷವಾಗಿದ್ದಾಗ, ಶಾಲೆಗೆ ಹೊರಟಿದ್ದ ಅಣ್ಣ ಬಸ್ಸಿಗೆ ಸಿಕ್ಕಿ ತೀರಿಹೋದ. ಮೂರು ವರ್ಷದ ಮಗುವಿಗೆ ಅಣ್ಣನ ಮುಖ ಎಷ್ಟು ನೆನಪಿರುತ್ತದೆ? ಆದರೆ ಅಣ್ಣ ಹೋದ ಮೇಲಿನ ಮನೆ ಹೇಗಿತ್ತೆಂಬುದು ನೆನಪಿರುತ್ತದೆ. ರೈನೆವೆಲ್ಟ್ ಅವರ ಬರವಣಿಗೆಯ ತುಂಬ ಇರುವುದು ಆ ಮನೆಯೇ.

ಚಿಕ್ಕಂದಿನಲ್ಲಿ ಹ್ಯಾರಿ ಪಾಟರ್ ಪುಸ್ತಕವನ್ನು ಲೈಬ್ರರಿಯಿಂದ ತಂದ ಕತೆಯೊಂದಿದೆ. ಮಾಟಮಂತ್ರದ ಪುಸ್ತಕ ಅಂಥ ಮನೆಗಳಿಗೆ ಸಲ್ಲದು. ವಾಪಸು ಕೊಟ್ಟರೆ ಮತ್ತೆ ಓದಲು ಸಿಗುವುದಿಲ್ಲವಲ್ಲ ಎಂದು, ಇಡೀ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟುಕೊಂಡರಂತೆ. ಹಿಂದೆ ನಮ್ಮಲ್ಲಿ ಹಾಡುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

‘ಅವನು’, ‘ಅವಳು’ ಮತ್ತು ನಮ್ಮ ‘ಅವರು’

ಹುಟ್ಟಿದಾಗ ಇಟ್ಟ ಹೆಸರು ಮರೀಕೆ, ಅದು ಹೆಣ್ಣುಮಕ್ಕಳ ಹೆಸರು. ಲೂಕಸ್ ಎಂಬುದು ಬಾಲ್ಯದಲ್ಲಿ ಅವರ ಕಲ್ಪನೆಯಲ್ಲಿದ್ದ ಒಬ್ಬ ಗೆಳೆಯನ ಹೆಸರು. ಹತ್ತೊಂಬತ್ತನೇ ವಯಸ್ಸಿಗೆ ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ತಾವು ಹೆಣ್ಣು ಮತ್ತು ಗಂಡಿನ ನಡುವೆ ಎಲ್ಲೋ ಇರುವವರು ಎಂದು ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಬೂಕರ್ ಸಮಯದ ಇಂಗ್ಲಿಷ್ ವರದಿಗಳಲ್ಲಿ ಅವರನ್ನು ಗಂಡು ಹೆಣ್ಣು ಎಂದು ಹೇಳದ ‘ದೇ’ (they) ಎಂಬ ಸರ್ವನಾಮದಿಂದ ಬರೆದಿರುವುದು ಕಾಣುತ್ತದೆ. 2022ರಿಂದ ತಮ್ಮನ್ನು ಪುಲ್ಲಿಂಗದಲ್ಲಿ ಕರೆಯಬೇಕೆಂದು ತಿಳಿಸಿದ್ದಾರೆ. ಒಂದೇ ಲೇಖಕರ ಬಗ್ಗೆ ಬೇರೆ ಬೇರೆ ವರ್ಷದ ಬರಹಗಳಲ್ಲಿ ಬೇರೆ ಬೇರೆ ಸರ್ವನಾಮ ಸಿಗುವುದು ಇದರಿಂದಾಗಿಯೇ. ಅಚ್ಚಿನ ದೋಷವಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ತಾಪತ್ರಯ ಇಲ್ಲ. ಗೌರವದ ‘ಅವರು’ ಯಾವ ಲಿಂಗವನ್ನೂ ಹೇಳುವುದಿಲ್ಲ, ‘ಬರೆದರು’ ಎಂಬ ಕ್ರಿಯಾಪದವೂ ಹೇಳುವುದಿಲ್ಲ. ಇನ್ನೊಂದು ಸ್ವಾರಸ್ಯವಿದೆ. ಕನ್ನಡದಲ್ಲಿ ‘ಮಗು’ ನಪುಂಸಕಲಿಂಗ, ಅದು ಅಳುತ್ತದೆ, ಅದು ನಗುತ್ತದೆ. ಡಚ್ಚಿನಲ್ಲಿ ‘ಹುಡುಗಿ’ ಎಂಬುದಕ್ಕಿರುವ ‘ಮೈಶೆ’ ಎಂಬ ಪದವೂ ವ್ಯಾಕರಣದ ಪ್ರಕಾರ ನಪುಂಸಕ. ಇವರ ಕಾದಂಬರಿಗಳಲ್ಲಿನ ಮಕ್ಕಳು, ದೊಡ್ಡವರಾಗುವ ಮುಂಚಿನ ಆ ‘ಅದು’ ಎಂಬ ಜಾಗ ಬಿಟ್ಟು ಕದಲಲು ಒಪ್ಪುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆ ಊರಿನ ದೇವರು

ನೆದರ್‌ಲ್ಯಾಂಡ್ಸ್ ಎಂದರೆ ನಮ್ಮ ಕಣ್ಣಿಗೆ ಬರುವುದು ಆಮ್‌ಸ್ಟರ್‌ಡ್ಯಾಮ್, ಸೈಕಲ್ಲು, ಟುಲಿಪ್ ಹೂವು, ಯಾರು ಹೇಗೆ ಬದುಕಿದರೂ ಕೇಳದ ಸಮಾಜ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ತಾವು ಯಾವ ಧರ್ಮಕ್ಕೂ ಸೇರಿದವರಲ್ಲ ಎನ್ನುತ್ತಾರೆ. ಆದರೆ ನೈಋತ್ಯದ ಜೀಲ್ಯಾಂಡಿನಿಂದ ಶುರುವಾಗಿ ದೇಶದ ನಡುವನ್ನು ಸೀಳಿಕೊಂಡು ಈಶಾನ್ಯದ ಕಡೆಗೆ ಹೋಗುವ ಒಂದು ಪಟ್ಟಿಯಿದೆ. ಅದನ್ನು ‘ಬೈಬಲ್ ಪಟ್ಟಿ’ ಎಂದೇ ಕರೆಯುತ್ತಾರೆ. ಅಲ್ಲಿನ ಕಟ್ಟುನಿಟ್ಟಿನ ಮನೆಗಳಲ್ಲಿ ಭಾನುವಾರ ಕೆಲಸವಿಲ್ಲ, ಆಟವಿಲ್ಲ, ಅಂಗಡಿಗೆ ಹೋಗುವಂತಿಲ್ಲ. ಕೆಲವರ ಮನೆಯಲ್ಲಿ ಟಿವಿ ಇಲ್ಲ. ಊಟದ ಮೇಜಿನ ಮೇಲೆ ಬೈಬಲ್ ಇರುತ್ತದೆ, ಉಂಡ ಮೇಲೆ ಒಂದು ಅಧ್ಯಾಯ ಓದಿಯೇ ಏಳಬೇಕು. ಹಸುವಿಗೆ ಮಾತ್ರ ಭಾನುವಾರ ಗೊತ್ತಿಲ್ಲ, ಹಾಲು ಕರೆಯಲೇಬೇಕು. ಅಷ್ಟಕ್ಕೆ ಮಾಫಿ.

ಈ ಪಂಥದ ಬೇರು ಇರುವುದು ಹದಿನಾರನೇ ಶತಮಾನದ ಜಾನ್ ಕ್ಯಾಲ್ವಿನ್ ಅವರ ಬೋಧನೆಯಲ್ಲಿ. 1618–19ರಲ್ಲಿ ಡೋರ್ಡ್ರೆಕ್ಟ್ ನಗರದಲ್ಲಿ ದೊಡ್ಡ ಧರ್ಮಸಭೆ ಸೇರಿ ಅದರ ಸೂತ್ರಗಳನ್ನು ಗಟ್ಟಿ ಮಾಡಿತು. ಡಚ್ ಭಾಷೆಗೆ ಬೈಬಲನ್ನು ಮೂಲದಿಂದ ಅನುವಾದಿಸಬೇಕೆಂದು ನಿಶ್ಚಯಿಸಿದ್ದೂ ಅದೇ ಸಭೆ. ಆ ಅನುವಾದ 1637ರಲ್ಲಿ ಬಂತು. ಇವತ್ತಿಗೂ ಸಂಪ್ರದಾಯಸ್ಥರ ಮನೆಗಳಲ್ಲಿ ಅದೇ ಹಳೆಯ ಗಡಸು ಭಾಷೆಯ ಬೈಬಲ್ ಓದುತ್ತಾರೆ. ರೈನೆವೆಲ್ಟ್ ಅವರ ಗದ್ಯಕ್ಕಿರುವ ಗಾಂಭೀರ್ಯ ಎಲ್ಲಿಂದ ಬಂತೆಂದು ಹುಡುಕಿದರೆ ಆ ಊಟದ ಮೇಜಿನ ಬಳಿಗೇ ಬರಬೇಕಾಗುತ್ತದೆ.

ಇಲ್ಲಿ ಒಂದು ಪರಿಕಲ್ಪನೆ ಅರ್ಥವಾಗಬೇಕು. ಯಾರಿಗೆ ಮೋಕ್ಷ ಸಿಗಬೇಕೆಂದು ದೇವರು ಮೊದಲೇ ಆರಿಸಿಟ್ಟಿದ್ದಾನೆ, ಮನುಷ್ಯ ಏನು ಮಾಡಿದರೂ ಅದು ಬದಲಾಗದು ಎಂಬುದು ಈ ಪಂಥದ ನಂಬಿಕೆ. ನಮ್ಮ ‘ಹಣೆಬರಹ’ದ ಹಾಗೆ ಕೇಳಿಸುತ್ತದೆ, ಆದರೆ ಅಲ್ಲ. ಹಣೆಬರಹದ ಹಿಂದೆ ಕರ್ಮದ ಲೆಕ್ಕವಿದೆ. ಆ ಲೆಕ್ಕವನ್ನು ತುಸುವಾದರೂ ತಿದ್ದಬಹುದು ಎಂಬ ಆಸೆಗೇ ನಮ್ಮಲ್ಲಿ ಹರಕೆ, ಮುಡಿಪು, ಶಾಂತಿ ಎಲ್ಲ ಇರುವುದು. ದೇವರ ಜೊತೆ ನಮ್ಮದು ಒಂದು ರೀತಿ ಕೊಡು-ಕೊಳ್ಳುವ ಸಂಬಂಧ. ಕ್ಯಾಲ್ವಿನ್ ಪಂಥದ ದೇವರ ಹತ್ತಿರ ಚೌಕಾಸಿ ನಡೆಯುವುದಿಲ್ಲ. ತೆಂಗಿನಕಾಯಿ ಒಡೆದು ಕೇಳಿಕೊಳ್ಳುವ ಗುಡಿಯೇ ಅಲ್ಲಿಲ್ಲ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಕಾದಂಬರಿಯ ಹತ್ತು ವರ್ಷದ ಹುಡುಗಿ ಮಾಡುವುದು ಅದನ್ನೇ, ಚೌಕಾಸಿ.

ಕೋಟು ಬಿಚ್ಚದ ಹುಡುಗಿ

ಕಾದಂಬರಿ ಡಚ್ಚಿನಲ್ಲಿ ಬಂದಿದ್ದು 2018ರಲ್ಲಿ, ಬರೆಯಲು ಹಿಡಿದದ್ದು ಆರು ವರ್ಷ. ಮೊದಲ ವಾಕ್ಯದಲ್ಲೇ ಹುಡುಗಿ ಹೇಳುತ್ತಾಳೆ: ತನಗೆ ಹತ್ತು ವರ್ಷವಾಗಿತ್ತು, ಅಂದಿನಿಂದ ಕೋಟು ಬಿಚ್ಚಲಿಲ್ಲ. ಆಮೇಲೆ ಅಮ್ಮ ಮಕ್ಕಳ ಮುಖಕ್ಕೆ ಚಳಿಗೆಂದು ಮುಲಾಮು ಸವರುತ್ತಾಳೆ. ಹಳದಿ ಡಬ್ಬಿಯ ಆ ಮುಲಾಮು ಹಸುಗಳದು, ಕೆಚ್ಚಲಿನ ತೊಟ್ಟು ಒಡೆಯದಿರಲೆಂದು ಹಚ್ಚುವಂಥದು. ಮಕ್ಕಳಿಗೂ ದನಗಳಿಗೂ ಒಂದೇ ಡಬ್ಬಿ. ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ. ಒಂದು ಸಂಸಾರದ ಪರಿಚಯವನ್ನು ಇದಕ್ಕಿಂತ ಅಗ್ಗದಲ್ಲಿ, ಇದಕ್ಕಿಂತ ಚೆನ್ನಾಗಿ ಮಾಡಿಕೊಡುವುದು ಕಷ್ಟ.

ಹುಡುಗಿಯ ಹೆಸರು ಯಾಸ್. ಡಚ್ಚಿನಲ್ಲಿ ‘ಯಾಸ್’ ಎಂದರೆ ಕೋಟು. ಇಂಗ್ಲಿಷ್ ಅನುವಾದದಲ್ಲಿಯೂ ಆ ಹೆಸರನ್ನು ಹಾಗೇ ಉಳಿಸಲಾಗಿದೆ, ಆದರೆ ಡಚ್ ಬಾರದವರಿಗೆ ಅದೊಂದು ಹೆಸರು ಮಾತ್ರ. ಕನ್ನಡದಲ್ಲಿ ಒಬ್ಬ ಹುಡುಗಿಗೆ ‘ಕಂಬಳಿ’ ಎಂದು ಹೆಸರಿದ್ದು, ಅವಳು ಮೈಮೇಲಿನ ಕಂಬಳಿ ತೆಗೆಯುವುದೇ ಇಲ್ಲ ಎಂದರೆ ಹೇಗೋ ಹಾಗೆ.

ಕ್ರಿಸ್‌ಮಸ್‌ಗೆ ಇನ್ನೆರಡು ದಿನ. ಚಳಿಗಾಲದಲ್ಲಿ ಕಾಲುವೆ, ಕೆರೆಗಳು ಹೆಪ್ಪುಗಟ್ಟಿದರೆ ಡಚ್ಚರು ಸ್ಕೇಟ್ಸ್ ಕಟ್ಟಿಕೊಂಡು ಹೊರಡುತ್ತಾರೆ. ಹಿರಿಯಣ್ಣ ಮಥೀಸ್ ಹೊರಟಿದ್ದಾನೆ. ಯಾಸ್ ತಾನೂ ಬರುತ್ತೇನೆಂದರೂ ಕರೆದುಕೊಂಡು ಹೋಗುವುದಿಲ್ಲ. ಅವಳಿಗೆ ಇನ್ನೊಂದು ಭಯ ಬೇರೆ. ಅಪ್ಪ ತನ್ನ ಮೊಲಕ್ಕೆ ಚೆನ್ನಾಗಿ ತಿನ್ನಿಸುತ್ತಿದ್ದಾನೆ, ಹಬ್ಬದೂಟಕ್ಕೆ ಅದನ್ನೇ ಕೊಯ್ಯಬಹುದು. ಅವಳು ದೇವರನ್ನು ಕೇಳಿಕೊಳ್ಳುತ್ತಾಳೆ, ಮೊಲದ ಬದಲು ಅಣ್ಣನನ್ನು ತೆಗೆದುಕೊ. ಮಕ್ಕಳು ಸಿಟ್ಟಿನಲ್ಲಿ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಅಣ್ಣ ಐಸು ಒಡೆದು ನೀರಿಗೆ ಬೀಳುತ್ತಾನೆ, ವಾಪಸು ಬರುವುದಿಲ್ಲ.

ಚೌಕಾಸಿಗೆ ಒಪ್ಪದ ದೇವರು ತನ್ನ ಚೌಕಾಸಿಗೆ ಮಾತ್ರ ಒಪ್ಪಿಬಿಟ್ಟ! ಇಡೀ ಕಾದಂಬರಿ ಈ ಒಂದು ಗುಟ್ಟಿನ ಭಾರದ ಮೇಲೆ ನಿಂತಿದೆ. ಹುಡುಗಿ ಅದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೂ ಕೇಳುವವರಿಲ್ಲ. ಅಮ್ಮ ಊಟ ಬಿಡುತ್ತಾಳೆ, ಅಪ್ಪ ಮಾತು ಬಿಡುತ್ತಾನೆ, ಸತ್ತವನ ಹೆಸರು ಎತ್ತುವಂತಿಲ್ಲ. ಉಳಿದ ಮೂರು ಮಕ್ಕಳು, ಒಬ್ಬೆ, ಯಾಸ್ ಮತ್ತು ಹಾನಾ, ತಮ್ಮದೇ ಶಾಸ್ತ್ರಗಳನ್ನು ಹುಟ್ಟಿಸಿಕೊಳ್ಳುತ್ತಾರೆ. ಯಾಸ್ ಕೋಟಿನ ಜೇಬಿನ ತುಂಬ ಸಣ್ಣಪುಟ್ಟ ವಸ್ತುಗಳನ್ನು ಸೇರಿಸಿಡುತ್ತಾಳೆ. ಹೊಕ್ಕುಳಿಗೆ ಡ್ರಾಯಿಂಗ್ ಪಿನ್ ಚುಚ್ಚಿಕೊಳ್ಳುತ್ತಾಳೆ. ಎರಡು ಕಪ್ಪೆ ಹಿಡಿದು ಬಕೆಟ್ಟಿನಲ್ಲಿಡುತ್ತಾಳೆ, ಅವು ಕೂಡಿದರೆ ದೂರವಾಗಿರುವ ಅಪ್ಪ ಅಮ್ಮನೂ ಹತ್ತಿರವಾದಾರು ಎಂಬ ಲೆಕ್ಕ. ಅಮ್ಮ ಮತ್ತೆ ಮತ್ತೆ ನೆಲಮಾಳಿಗೆಗೆ ಇಳಿಯುವುದನ್ನು ಕಂಡು, ಅಲ್ಲಿ ಯೆಹೂದಿಗಳನ್ನು ಬಚ್ಚಿಟ್ಟಿರಬೇಕು ಎಂದುಕೊಳ್ಳುತ್ತಾಳೆ. ಇದು ಹುಚ್ಚು ಕಲ್ಪನೆಯಲ್ಲ. 1940ರಿಂದ 1945ರವರೆಗೆ ನಾಜಿಗಳ ಹಿಡಿತದಲ್ಲಿದ್ದ ದೇಶ ಅದು, ಮನೆಗಳಲ್ಲಿ ಯೆಹೂದಿಗಳನ್ನು ಅಡಗಿಸಿಟ್ಟ ಕತೆಗಳನ್ನು ಅಲ್ಲಿನ ಮಕ್ಕಳು ಶಾಲೆಯಲ್ಲೇ ಓದಿರುತ್ತಾರೆ. ಯಾಸ್‌ಳ ಹುಟ್ಟುಹಬ್ಬವೂ ಹಿಟ್ಲರನದೂ ಒಂದೇ ದಿನ, ಏಪ್ರಿಲ್ 20. ಮೇಲೆ ಬರೆದ ಲೇಖಕರ ಜನ್ಮದಿನ ನೋಡಿ, ಅದೂ ಅದೇ.

ಹಾಗಾದರೆ ಇದು ಆತ್ಮಕತೆಯೇ? ಅಲ್ಲ. ಅಣ್ಣ ಸತ್ತ ರೀತಿ ಬೇರೆ, ಕತೆ ಹೇಳುವ ಮಗುವಿನ ವಯಸ್ಸು ಬೇರೆ. ತಮ್ಮ ಮನೆಯವರು ಪುಸ್ತಕ ಓದಲು ಹೆದರುತ್ತಾರೆ ಎಂದು ರೈನೆವೆಲ್ಟ್ ಸಂದರ್ಶನಗಳಲ್ಲಿ ಹೇಳಿದ್ದರು. ಇದು ಕಾದಂಬರಿ, ಎಲ್ಲವೂ ತಮ್ಮ ಬಗ್ಗೆಯೇ ಅಲ್ಲ ಎಂದು ಅವರಿಗೆ ಒಂದು ದಿನ ಅರ್ಥವಾಗಲಿ ಎಂಬ ಆಸೆಯನ್ನೂ ಸೇರಿಸಿದ್ದರು.

ಕಾಲುಬಾಯಿ ಜ್ವರ ಬಂದರೆ ಕೊಲ್ಲುವುದೇಕೆ?

ಕಾದಂಬರಿಯ ನಡುವೆ ದನಗಳಿಗೆ ಕಾಲುಬಾಯಿ ಜ್ವರ ಬರುತ್ತದೆ. ಕೊಟ್ಟಿಗೆಯ ಹಸುಗಳನ್ನೆಲ್ಲ ಸಾಯಿಸುತ್ತಾರೆ. ಕನ್ನಡದ ಓದುಗ, ಅದರಲ್ಲೂ ಮನೆಯಲ್ಲಿ ರಾಸು ಕಟ್ಟಿದವನು, ಇಲ್ಲಿ ತಡವರಿಸುತ್ತಾನೆ. ಕಾಲುಬಾಯಿ ನಮಗೆ ಹೊಸದೇನಲ್ಲ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ದಾರದಂತೆ ಇಳಿಯುವ ಜೊಲ್ಲು, ಹಾಲು ಬತ್ತುವುದು. 2013ರಲ್ಲಿ ಕರ್ನಾಟಕದಲ್ಲಿ ಇದರಿಂದ ಸಾವಿರಾರು ರಾಸು ಸತ್ತವು. ಆದರೂ ನಾವು ಔಷಧಿ ಹಚ್ಚಿ, ಗಂಜಿ ಕುಡಿಸಿ ಉಳಿಸಿಕೊಳ್ಳಲು ನೋಡುತ್ತೇವೆ. ಪಶು ಆಸ್ಪತ್ರೆಯವರು ಊರಿಗೇ ಬಂದು ಲಸಿಕೆ ಹಾಕಿ ಹೋಗುತ್ತಾರೆ. ರೋಗ ಬಂದ ದನ ಸಾಯಲೇಬೇಕೆಂದಿಲ್ಲ, ದೊಡ್ಡ ಹಸುಗಳು ಹೆಚ್ಚಾಗಿ ಚೇತರಿಸಿಕೊಳ್ಳುತ್ತವೆ. ಮತ್ತೆ ಅವರೇಕೆ ಕೊಂದರು?

ಉತ್ತರ ಇರುವುದು ವ್ಯಾಪಾರದಲ್ಲಿ. 1990ರ ದಶಕದ ಆರಂಭದಲ್ಲಿ ಐರೋಪ್ಯ ದೇಶಗಳು ಕಾಲುಬಾಯಿಗೆ ವಾಡಿಕೆಯ ಲಸಿಕೆ ಹಾಕುವುದನ್ನು ನಿಲ್ಲಿಸಿದವು. ರೋಗವೇ ಇಲ್ಲದ, ಲಸಿಕೆಯೂ ಬೇಡದ ಪ್ರದೇಶ ಎಂಬ ಹಣೆಪಟ್ಟಿ ಇದ್ದರೆ ಮಾಂಸ, ಹಾಲಿನ ಪದಾರ್ಥಗಳನ್ನು ಹೊರದೇಶಗಳಿಗೆ ಸಲೀಸಾಗಿ ಮಾರಬಹುದು. ಲಸಿಕೆ ಹಾಕಿದರೆ ಒಂದು ತೊಡಕು. ಹಸುವಿನ ರಕ್ತದಲ್ಲಿ ರೋಗನಿರೋಧಕ ಕಣಗಳು ಕಂಡರೆ, ಅವು ಲಸಿಕೆಯಿಂದ ಬಂದವೋ ರೋಗದಿಂದ ಬಂದವೋ ಎಂದು ಖಚಿತವಾಗಿ ಬೇರ್ಪಡಿಸುವ, ಎಲ್ಲ ದೇಶಗಳೂ ಒಪ್ಪುವ ಪರೀಕ್ಷೆ ಆಗಿನ್ನೂ ಇರಲಿಲ್ಲ. ಅನುಮಾನ ಬಂದರೆ ಕೊಳ್ಳುವ ದೇಶ ಬಾಗಿಲು ಹಾಕುತ್ತದೆ. ಅದಕ್ಕೇ ನಿಯಮ ಹೀಗಾಯಿತು: ಒಂದು ಕೊಟ್ಟಿಗೆಯಲ್ಲಿ ರೋಗ ಕಂಡರೆ ಅಲ್ಲಿನ ಎಲ್ಲ ದನಗಳನ್ನೂ, ಸುತ್ತಲ ಕೊಟ್ಟಿಗೆಗಳ ದನಗಳನ್ನೂ ತೆಗೆದುಬಿಡುವುದು. ಕಾಡ್ಗಿಚ್ಚು ಹರಡದಿರಲೆಂದು ಸುತ್ತ ಹಸಿರಿದ್ದರೂ ಕಡಿದು ಬೆಂಕಿರೇಖೆ ಮಾಡುತ್ತಾರಲ್ಲ, ಅದೇ ಲೆಕ್ಕ.

2001ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ರೋಗ ಕಾಣಿಸಿಕೊಂಡಿತು, ಮಾರ್ಚ್ 21ಕ್ಕೆ ನೆದರ್‌ಲ್ಯಾಂಡ್ಸಿನಲ್ಲಿ ಖಚಿತವಾಯಿತು. ರೋಗ ದೃಢಪಟ್ಟಿದ್ದು 26 ಕಡೆ. ಕೊಂದ ಪ್ರಾಣಿಗಳು ಎರಡೂವರೆ ಲಕ್ಷಕ್ಕೂ ಹೆಚ್ಚು, ಬಹುಪಾಲು ಆರೋಗ್ಯವಾಗಿದ್ದವು. ಹರಡುವುದನ್ನು ತಡೆಯಲೆಂದು ಕೆಲವಕ್ಕೆ ಲಸಿಕೆಯನ್ನೂ ಹಾಕಿದರು, ಆಮೇಲೆ ಲಸಿಕೆ ಹಾಕಿದವನ್ನೂ ಕೊಂದರು. ಈ ಕೊನೆಯ ಮಾತನ್ನು ನಮ್ಮ ಹಳ್ಳಿಯ ಯಾವುದಾದರೂ ಕಟ್ಟೆಯ ಮೇಲೆ ಹೇಳಿ ನೋಡಿ, ನಂಬುವುದಿಲ್ಲ.

ಆ ವಸಂತದಲ್ಲಿ ರೈನೆವೆಲ್ಟ್ ಅವರಿಗೆ ಹತ್ತು ತುಂಬಿತು. ಕತೆ ಶುರುವಾಗುವಾಗ ಯಾಸ್‌ಳ ವಯಸ್ಸೂ ಹತ್ತು. ಹಸುಗಳು ಹೋಗುವ ಪುಟಗಳಲ್ಲಿ ಸರ್ಕಾರದ ನಿಯಮದ ಮಾತಿಗಿಂತ ಹೆಚ್ಚಾಗಿ ಕೇಳಿಸುವುದು ದೇವರ ಶಿಕ್ಷೆಯ ಮಾತು. ಆ ಮನೆಯವರಿಗೆ ಎರಡೂ ಒಂದೇ: ಮೇಲಿನಿಂದ ಬಂದ ಆಜ್ಞೆ, ಪ್ರಶ್ನಿಸುವಂತಿಲ್ಲ. ಮಗನಿಗೆ ಅಳದಿದ್ದ ಅಪ್ಪ ಎಲ್ಲಿ ಕುಸಿಯುತ್ತಾನೆ ಎಂಬುದನ್ನು ಕಾದಂಬರಿಯಲ್ಲೇ ಓದಿಕೊಳ್ಳಬೇಕು.

ಮೊದಲು ಬಂದಿದ್ದು ಕವಿತೆ

ಕಾದಂಬರಿಗಿಂತ ಮುಂಚೆ, 2015ರಲ್ಲಿ, ಮೊದಲ ಕವನ ಸಂಕಲನ ಬಂತು. ಹೆಸರು ‘ಕಾಲ್ಫ್ಸ್‌ಫ್ಲೀಸ್’, ಕರುವಿನ ಪೊರೆ. ಕರು ಹುಟ್ಟುವಾಗ ಮೈಗೆ ಅಂಟಿಕೊಂಡು ಬರುವ ತೆಳ್ಳನೆಯ ಪೊರೆ ಅದು. ಹಸು ನೆಕ್ಕಿ ತೆಗೆಯುತ್ತದೆ. ಹಸುವಿಗೆ ಆಗದಿದ್ದರೆ ಪಕ್ಕದಲ್ಲಿರುವವರು ಕೂಡಲೇ ಕೈಹಾಕಿ ಮೂಗು ಬಿಡಿಸಬೇಕು, ಇಲ್ಲವಾದರೆ ಉಸಿರುಕಟ್ಟುತ್ತದೆ. ಹೊಟ್ಟೆಯಲ್ಲಿದ್ದಾಗ ಕಾಪಾಡಿದ್ದೇ ಹೊರಬಂದ ಮೇಲೆ ಕೊಲ್ಲಬಲ್ಲದು. ಒಂದು ಮನೆಯ ಬಗ್ಗೆ, ಒಂದು ಧರ್ಮದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ರೂಪಕ ಬೇರೆ ಬೇಕೆ? ಈ ಸಂಕಲನಕ್ಕೆ 2016ರಲ್ಲಿ ಡಚ್ಚಿನ ಮೊದಲ ಕವನ ಸಂಕಲನಗಳಿಗೆ ಕೊಡುವ ಸಿ. ಬುಡಿಂಗ್ ಪ್ರಶಸ್ತಿ ಬಂತು.

2019ರಲ್ಲಿ ಎರಡನೆಯ ಸಂಕಲನ, ಹೆಣ್ಣುಕುದುರೆಯ ಭೂತದ ಹೆಸರು ಹೊತ್ತದ್ದು. 2022ರಲ್ಲಿ ಮೂರನೆಯದು, ‘ಕೊಮೈನ್‌ಸ್ಪ್ಲಿಟ್ಸರ್ಸ್’, ಪದಶಃ ‘ಜೀರಿಗೆ ಸೀಳುವವರು’. ಒಂದು ಜೀರಿಗೆ ಕಾಳನ್ನೂ ಎರಡು ಮಾಡಿ ಲೆಕ್ಕ ಹಾಕುವ ಜಿಪುಣರಿಗೆ ಗ್ರೀಕರ ಕಾಲದಿಂದ ಬಂದ ಹೆಸರು. ನಮ್ಮಲ್ಲಿ ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎನ್ನುತ್ತೇವಲ್ಲ, ಅವರ ಸೋದರರು.

ಅವರ ಕವಿತೆಗಳು ಪುಟದ ಮೇಲೆ ನೋಡಲು ಗದ್ಯದಂತಿರುತ್ತವೆ, ಉದ್ದುದ್ದ ಸಾಲು. ಪ್ರಾಸವಿಲ್ಲ, ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಜಾರುತ್ತ ಹೋಗುವ ನಡೆ. ಕಾದಂಬರಿಯಲ್ಲಿಯೂ ಇದೇ ಅಭ್ಯಾಸ ಮುಂದುವರಿದಿದೆ, ಪುಟಕ್ಕೆ ಐದಾರು ಉಪಮೆ ಎಣಿಸಬಹುದು. ನನ್ನ ರುಚಿಗೆ ಕೆಲವು ಕಡೆ ಉಪಮೆ ಹೆಚ್ಚಾಯಿತು, ಸಾರಿಗೆ ಒಗ್ಗರಣೆ ಎರಡು ಸಲ ಹಾಕಿದ ಹಾಗೆ. ಆದರೆ ಹತ್ತು ವರ್ಷದ ಮಗು ಲೋಕವನ್ನು ನೋಡುವುದೇ ‘ಇದು ಅದರ ಹಾಗಿದೆ’ ಎಂದು ಹೋಲಿಸುತ್ತ. ಹಾಗೆಂದುಕೊಂಡರೆ ಆ ದೂರನ್ನು ವಾಪಸು ಪಡೆಯಬೇಕಾಗುತ್ತದೆ.

ಪ್ರಶಸ್ತಿಯ ಅರ್ಧ ಯಾರದು?

ಅಂತರರಾಷ್ಟ್ರೀಯ ಬೂಕರ್ 2005ರಲ್ಲಿ ಶುರುವಾದಾಗ ಎರಡು ವರ್ಷಕ್ಕೊಮ್ಮೆ, ಒಬ್ಬ ಲೇಖಕರ ಒಟ್ಟು ಸಾಧನೆಗೆ ಕೊಡುತ್ತಿದ್ದರು. ಯು.ಆರ್. ಅನಂತಮೂರ್ತಿ 2013ರಲ್ಲಿ ಅಂತಿಮ ಹತ್ತರ ಪಟ್ಟಿಯಲ್ಲಿದ್ದುದು ಆ ಹಳೆಯ ಪದ್ಧತಿಯಲ್ಲಿ. 2016ರಿಂದ ಪ್ರತಿವರ್ಷ, ಇಂಗ್ಲಿಷಿಗೆ ಅನುವಾದವಾಗಿ ಬಂದ ಒಂದು ಪುಸ್ತಕಕ್ಕೆ ಕೊಡುತ್ತಾರೆ. 50,000 ಪೌಂಡ್ ಹಣವನ್ನು ಲೇಖಕರು ಮತ್ತು ಅನುವಾದಕರು ಸಮಸಮ ಹಂಚಿಕೊಳ್ಳುತ್ತಾರೆ.

2020ರಲ್ಲಿ ಆ ಇನ್ನರ್ಧ ಸಂದಿದ್ದು ಮಿಶೆಲ್ ಹಚಿಸನ್ ಅವರಿಗೆ. ಇಂಗ್ಲೆಂಡಿನವರು, ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದವರು. ಮೇ ತಿಂಗಳಲ್ಲಿ ಆಗಬೇಕಿದ್ದ ಘೋಷಣೆ ಕೋವಿಡ್‌ನಿಂದ ಮುಂದೆ ಹೋಗಿ ಆಗಸ್ಟ್ 26ರಂದು ಆನ್‌ಲೈನಿನಲ್ಲಿ ಆಯಿತು. ಪುಸ್ತಕ ಬರೆಯುವಾಗ ತಮ್ಮ ಮೇಜಿನ ಮೇಲಿನ ಗೋಡೆಗೆ ‘ಕರುಣೆ ತೋರಬೇಡ’ ಎಂಬರ್ಥದ ಮಾತೊಂದನ್ನು ಬರೆದುಕೊಂಡಿದ್ದೆ ಎಂದು ರೈನೆವೆಲ್ಟ್ ಅಂದು ಹೇಳಿದರು.

ಒಂದು ಅನುವಾದ, ಒಂದು ಗಲಾಟೆ

ರೈನೆವೆಲ್ಟ್ ಹೆಸರು ಪುಸ್ತಕ ಓದದವರ ಕಿವಿಗೂ ಬಿದ್ದದ್ದು ಮರುವರ್ಷ. 2021ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾಗಿ ಜೋ ಬೈಡನ್ ಪ್ರಮಾಣವಚನ ತೆಗೆದುಕೊಂಡಾಗ ಅಮಂಡಾ ಗೋರ್ಮನ್ ಎಂಬ 22 ವರ್ಷದ ಕಪ್ಪು ಕವಯಿತ್ರಿ ‘ದ ಹಿಲ್ ವಿ ಕ್ಲೈಂಬ್’ ಕವಿತೆ ಓದಿದರು. ಫೆಬ್ರುವರಿ 23ರಂದು ಡಚ್ ಪ್ರಕಾಶಕರಾದ ಮ್ಯೂಲೆನ್‌ಹಾಫ್, ಅದನ್ನು ರೈನೆವೆಲ್ಟ್ ಅನುವಾದಿಸುತ್ತಾರೆ ಎಂದು ಪ್ರಕಟಿಸಿದರು. ಗೋರ್ಮನ್ ಕಡೆಯವರ ಒಪ್ಪಿಗೆಯೂ ಇತ್ತು.

ಎರಡು ದಿನಕ್ಕೆ ಪತ್ರಕರ್ತೆ ಜಾನಿಸ್ ಡೂಲ್ ಅವರು ‘ಡೆ ಫೋಲ್ಕ್ಸ್‌ಕ್ರಾಂಟ್’ ಪತ್ರಿಕೆಯಲ್ಲಿ ಪ್ರಶ್ನೆ ಎತ್ತಿದರು. ಗೋರ್ಮನ್ ಅವರ ಹಾಗೆಯೇ ವೇದಿಕೆಯ ಮೇಲೆ ಕವಿತೆ ಹೇಳುವ, ಕಪ್ಪು ವರ್ಣದ, ಯುವ ಡಚ್ ಕವಯಿತ್ರಿಯರಿದ್ದಾರಲ್ಲ, ಅವರನ್ನೇಕೆ ಕೇಳಲಿಲ್ಲ? ಮರುದಿನವೇ ರೈನೆವೆಲ್ಟ್ ಹಿಂದೆ ಸರಿದರು. ಕೊನೆಗೆ ಡಚ್ ಅನುವಾದ ಮಾಡಿದ್ದು ಜೈರ್ ಕ್ರೀಗರ್. ಗಲಾಟೆ ಗಡಿ ದಾಟಿತು. ಕ್ಯಾಟಲನ್ ಭಾಷೆಗೆ ಅನುವಾದ ಮುಗಿಸಿಕೊಟ್ಟಿದ್ದ ವಿಕ್ಟರ್ ಒಬಿಯೋಲ್ಸ್ ಅವರನ್ನೂ ಕೈಬಿಟ್ಟರು.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು, ಬಿಡಿಸಿ ನೋಡಿದರೆ ಒಳ್ಳೆಯದು. ಒಂದು, ಒಬ್ಬರ ಅನುಭವವನ್ನು ಆ ಅನುಭವವಿಲ್ಲದ ಇನ್ನೊಬ್ಬರು ಅನುವಾದಿಸಬಹುದೇ ಎಂಬುದು. ಇನ್ನೊಂದು, ಹೆಸರು, ಹಣ ಎರಡೂ ಬರುವ ಕೆಲಸ ಹಂಚುವಾಗ ಪ್ರಕಾಶಕರ ಕಣ್ಣಿಗೆ ಯಾರು ಬೀಳುತ್ತಾರೆ, ಯಾರು ಬೀಳುವುದಿಲ್ಲ ಎಂಬುದು. ಡೂಲ್ ಅವರ ಲೇಖನದ ಒತ್ತು ಹೆಚ್ಚಾಗಿ ಎರಡನೆಯದರ ಮೇಲಿತ್ತು. ಜಗತ್ತಿನ ಪತ್ರಿಕೆಗಳು ಮೊದಲನೆಯದನ್ನು ಹಿಡಿದು ಜಗ್ಗಿದವು.

ರೈನೆವೆಲ್ಟ್ ಉತ್ತರ ಕೊಟ್ಟಿದ್ದು ಕವಿತೆಯಲ್ಲಿ. ಮಾರ್ಚ್ 6ರಂದು ಅದೇ ಡಚ್ ಪತ್ರಿಕೆಯಲ್ಲಿ ‘ಆಲ್ಲೆಸ್ ಬೆವೋನ್‌ಬಾರ್’ ಬಂತು, ‘ಎಲ್ಲವೂ ವಾಸಯೋಗ್ಯ’ ಎಂದರ್ಥ. ಎದುರು ನಿಲ್ಲುವ ಕೆಚ್ಚು ಕಳೆದುಕೊಳ್ಳಬಾರದು, ಆದರೆ ಇದು ನಿನ್ನ ಜಾಗವಲ್ಲ ಎಂದಾಗ ಅದೂ ತಿಳಿಯಬೇಕು, ಬೇರೊಬ್ಬರು ಆ ಕವಿತೆಯನ್ನು ಹೆಚ್ಚು ವಾಸಯೋಗ್ಯ ಮಾಡಬಲ್ಲರಾದರೆ ಅದರ ಮುಂದೆ ಮಂಡಿಯೂರಬೇಕು ಎಂಬುದು ಅದರ ಧಾಟಿ. ಮಂಡಿಯೂರುವುದು ಚರ್ಚಿನ ಮಾತೂ ಹೌದು, ಹಾಲು ಕರೆಯುವವರ ಮಾತೂ ಹೌದು.

ಎಲ್ಲಿಂದ ಶುರುಮಾಡಬೇಕು?

ಇಂಗ್ಲಿಷಿನಲ್ಲಿ ಓದುವವರಿಗೆ ‘ದ ಡಿಸ್ಕಂಫರ್ಟ್ ಆಫ್ ಈವ್ನಿಂಗ್’ನಿಂದಲೇ ಶುರುಮಾಡಬೇಕು ಎನ್ನುತ್ತೇನೆ. ಎಚ್ಚರಿಕೆಯೊಂದು ಬೇಕು. ಪ್ರಾಣಿಗಳಿಗೆ ಮಕ್ಕಳು ಕೊಡುವ ಹಿಂಸೆ, ಮಕ್ಕಳು ಒಬ್ಬರಿಗೊಬ್ಬರು ಕೊಡುವ ಹಿಂಸೆ ಇದರಲ್ಲಿ ಮುಚ್ಚುಮರೆಯಿಲ್ಲದೆ ಬರುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಸ್ವಲ್ಪ ದಿನ ಬಿಟ್ಟು ಓದುವುದು ಮೇಲು.

ಎರಡನೆಯ ಕಾದಂಬರಿ ಡಚ್ಚಿನಲ್ಲಿ 2020ರ ಕೊನೆಗೆ, ಇಂಗ್ಲಿಷಿನಲ್ಲಿ 2024ರಲ್ಲಿ ‘ಮೈ ಹೆವನ್ಲಿ ಫೇವರಿಟ್’ ಹೆಸರಿನಲ್ಲಿ ಬಂತು, ಅನುವಾದ ಮತ್ತೆ ಹಚಿಸನ್ ಅವರದೇ. ಇಲ್ಲಿ ಕತೆ ಹೇಳುವವನು ನಡುವಯಸ್ಸಿನ ಪಶುವೈದ್ಯ. ರೈತನೊಬ್ಬನ ಹದಿನಾಲ್ಕರ ಮಗಳ ಮೇಲೆ ಅವನ ಕಣ್ಣು. ಅವನ ಅಪರಾಧವನ್ನು ಅವನ ಬಾಯಿಂದಲೇ, ಉಸಿರು ಬಿಡಲು ಎಡೆಯಿಲ್ಲದ ಉದ್ದ ವಾಕ್ಯಗಳಲ್ಲಿ ಕೇಳಬೇಕು. 2021ರಲ್ಲಿ ಡಚ್ಚಿನ ಎಫ್. ಬೋರ್ಡೆವೈಕ್ ಪ್ರಶಸ್ತಿ ಪಡೆದರೂ ಹಲವರಿಗೆ ಇದು ಓದಲಾಗದ ಪುಸ್ತಕ. ಮೊದಲನೆಯದನ್ನು ಮುಗಿಸಿದವರು ಮಾತ್ರ ಹಿಡಿಯಲಿ.

ಇನ್ನು, ಪ್ರಶಸ್ತಿ ಬಂದ ಮೇಲೆ ಕೊಟ್ಟಿಗೆ ಕೆಲಸ ಬಿಡುತ್ತೀರಾ ಎಂದು ಪತ್ರಕರ್ತರು ಕೇಳದೇ ಇರಲಿಲ್ಲ. ಬೂಕರ್ ಗೆದ್ದ ದಿನಗಳಲ್ಲೂ ಅವರು ಒಂದು ಹಾಲಿನ ಫಾರಂನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹಸುಗಳೇ ತಮ್ಮ ಆಪ್ತ ಗೆಳೆಯರು, ಕೊಟ್ಟಿಗೆ ಗುಡಿಸಿ ಸಗಣಿ ಬಾಚುವುದು ತಮಗಿಷ್ಟ ಎಂದಿದ್ದರು.